ಎಲ್ಲರ ತಲೆಯ ಮೇಲೂ ಹೆಸರು

ನಾನು ನನ್ನ ಗಂಡನ ಹೆಸರು ಮರೆತಿರಲಿಲ್ಲ. ಫೋಟೊದ ಮೇಲೆ ಬರೆಯಲಿಲ್ಲ, ಅಷ್ಟೇ. ನಡೆದದ್ದು ಇಷ್ಟು. ಇಷ್ಟಕ್ಕೇ ಮನೆಯವರು ನನಗೆ ಮರೆವಿನ ಕಾಯಿಲೆ ಎಂದು ತೀರ್ಮಾನ ಮಾಡಿ, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸವನ್ನು ನನ್ನ ಕೈಯಿಂದ ತೆಗೆದು ಒಬ್ಬ ವ್ಯಾನಿನವನಿಗೆ ಕೊಟ್ಟರು. ಕಾಮೋಠೆಯಲ್ಲಿರುವ ನಾದಿನಿಯ ಮಗ ಫೋನಿನಲ್ಲಿ ಅತ್ತನಂತೆ. ಬದಲಾಪುರದಿಂದ ಭಾವನ ಮಗಳು ವಾಸಂತಿ ನನ್ನನ್ನು ನೋಡಲು ಸೇಬು ಹಿಡಿದುಕೊಂಡು ಬಂದಳು. ಕಾಯಿಲೆ ಯಾರಿಗೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಸೇಬು ಚೆನ್ನಾಗಿತ್ತು.

ಮಗ ಸುಧಾಕರ ಹೊಸ ಫೋನು ತೆಗೆದುಕೊಂಡಾಗ ಅವನ ಹಳೆಯದು ನನ್ನ ಪಾಲಿಗೆ ಬಂತು. ನಮ್ಮ ಮನೆಯಲ್ಲಿ ಹಳೆಯದೆಲ್ಲ ಕೊನೆಗೆ ನನ್ನ ಪಾಲಿಗೇ ಬರುವುದು. ಮೊದಲು ಮೇಜಿನ ಫ್ಯಾನು ಬಂತು, ಆಮೇಲೆ ಚಾದರ, ಆಮೇಲೆ ಇದು. ಒಂದು ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು. ಅದರಿಂದ ನನಗೇನೂ ತೊಂದರೆ ಇರಲಿಲ್ಲ. ನನ್ನ ಕನ್ನಡಕವೂ ಹಾಗೆಯೇ ಇತ್ತು.

ಅದರಲ್ಲಿ ಫೋಟೊದ ಮೇಲೆ ಅಕ್ಷರ ಬರೆಯಬಹುದು ಎಂದು ತೋರಿಸಿದವಳು ಮೊಮ್ಮಗಳು ತನ್ವಿ. ಆಗ ಎರಡನೇ ಕ್ಲಾಸು. ಅವಳ ಅಮ್ಮ ವೈಶಾಲಿ ಕಲ್ಯಾಣದ ಮರಾಠಿ ಹುಡುಗಿ. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಹಾಗಾಗಿ ಈ ಮಗು ನನ್ನ ಮಾತನ್ನೆಲ್ಲ ಅರ್ಥ ಮಾಡಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತದೆ. ನಾನು ತುಳುವಿನಲ್ಲಿ ಬೈಯುತ್ತೇನೆ, ಅವಳು ಮರಾಠಿಯಲ್ಲಿ ಅಳುತ್ತಾಳೆ. ಹೊಂದಿಕೊಂಡು ಹೋಗುತ್ತದೆ.

“ಅಜ್ಜಿ, ಇಥೆ ದಾಬ. ಮಗ್ ಲಿಹಿ” ಎಂದಳು. ಇಲ್ಲಿ ಒತ್ತು, ಆಮೇಲೆ ಬರಿ.

ಒತ್ತಿದೆ. ಕನ್ನಡದ ಅಕ್ಷರಗಳು ಸಾಲಾಗಿ ಬಂದು ನಿಂತವು, ಶಾಲೆಯಲ್ಲಿ ಹಾಜರಿ ಕರೆಯುವಾಗ ಮಕ್ಕಳು ನಿಲ್ಲುತ್ತಾರಲ್ಲ, ಹಾಗೆ. ನಾನು ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಜನ ಬೇಕಿತ್ತು, ನಾನು ಇದ್ದೆ. ನಮ್ಮ ಸ್ಲೇಟಿಗೆ ಮರದ ಚೌಕಟ್ಟು. ಒರೆಸಲು ಬಾವಿಕಟ್ಟೆಯ ಹತ್ತಿರ ಬೆಳೆಯುವ ನೀರುಕಡ್ಡಿ ಕಿತ್ತುಕೊಂಡು ಹೋಗುತ್ತಿದ್ದೆವು. ಹಿಂಡಿದರೆ ನೀರು ಬರುತ್ತದೆ, ಅದರಲ್ಲಿ ಒರೆಸಿದರೆ ಸ್ಲೇಟು ಕರ್ರಗೆ ಹೊಳೆಯುತ್ತಿತ್ತು. ನನ್ನ ಅಕ್ಷರ ಮಾತ್ರ ಯಾವತ್ತೂ ಹೊಳೆಯಲಿಲ್ಲ. ಕೋಳಿ ಕೆದಕಿದ ಹಾಗೆ ಇದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಈ ಫೋನಿನಲ್ಲಿ ನೋಡಿದರೆ, ನಾನು ಬರೆದ ‘ಕ’ವೂ ಮೇಷ್ಟ್ರು ಬರೆದ ‘ಕ’ವೂ ಒಂದೇ. ಎರಡು ಬೆರಳಿಟ್ಟು ಹಿಗ್ಗಿಸಿದರೆ ದೊಡ್ಡದಾಗುತ್ತದೆ, ಕುಗ್ಗಿಸಿದರೆ ಸಣ್ಣದು. ಬಣ್ಣ ಬೇರೆ. ನಾನು ಹಳದಿ ಆರಿಸಿಕೊಂಡೆ. ಲಾರಿಯ ಹಿಂದೆ ಬರೆದ ಹಾಗೆ ದೂರದಿಂದ ಕಾಣುತ್ತದೆ.

ಆಮೇಲೆ ನನ್ನನ್ನು ಹಿಡಿಯುವವರು ಇರಲಿಲ್ಲ.

ನೆಂಟರೆಲ್ಲ ಸೇರಿದ ಒಂದು ಗುಂಪು ಫೋನಿನಲ್ಲಿತ್ತು. ಬೆಳಗಾದರೆ ಗುಲಾಬಿ ಹೂ, ಸೂರ್ಯ, ಚಹಾ ಕಪ್ಪು, ಅದರ ಮೇಲೆ ಯಾರೋ ಬರೆದ ಒಳ್ಳೊಳ್ಳೆಯ ಮಾತು. ಯಾರು ಬರೆದದ್ದೋ ಕಳುಹಿಸುವವರಿಗೇ ಗೊತ್ತಿಲ್ಲ. ನಾನು ನನ್ನ ಚಹಾದ ಫೋಟೊ ತೆಗೆದು “ಚಹಾ. ಸಕ್ಕರೆ ಕಡಿಮೆ” ಎಂದು ಬರೆದು ಹಾಕಿದೆ. ಮಾರ್ಕೆಟಿನಲ್ಲಿ ಬಂಗುಡೆ ಮೀನು ನೋಡಿ “ಬಂಗುಡೆ. ನಿನ್ನೆಯದು” ಎಂದು ಬರೆದೆ. ನಾದಿನಿಯ ಮಗ ಪ್ರದೀಪ ಹೊಸ ಸೋಫಾದ ಫೋಟೊ ಹಾಕಿದ, ಅದರ ಮೇಲೆಯೇ “ಇದರಲ್ಲಿ ಕೂತವರು ಏಳುವುದು ಕಷ್ಟ” ಎಂದು ಬರೆದು ವಾಪಸು ಕಳುಹಿಸಿದೆ. ಅವನ ಹೆಂಡತಿ ಎರಡು ದಿನ ಗುಂಪಿನಲ್ಲಿ ಮಾತಾಡಲಿಲ್ಲ. ಆಮೇಲೆ ನಾನು ಅವರ ಮನೆಗೆ ಹೋಗಿ ಅದರಲ್ಲಿ ಕೂತಾಗ ನನ್ನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಬರೆದದ್ದು ಸರಿಯಾಗಿಯೇ ಇತ್ತು.

ಆ ಪ್ರದೀಪನೇ ಒಂದು ದಿನ ಹಳೆಯ ಫೋಟೊ ಒಂದನ್ನು ಹಾಕಿದ. ತೀರಿಕೊಂಡ ಅವನ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತಂತೆ. ಸಾಲುಕೋಣೆಗಳ ಚಾಳು ಬಿಟ್ಟು ಡೊಂಬಿವಲಿಯ ಈ ಮನೆಗೆ ನಾವು ಒಕ್ಕಲು ಬಂದ ದಿನ ತೆಗೆದದ್ದು. ಬಿಲ್ಡಿಂಗಿನ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ನಿಂತಿದ್ದೇವೆ. “ಇವರೆಲ್ಲ ಯಾರು ಅಂತ ನಮಗೆ ಗೊತ್ತಿಲ್ಲ. ಗೊತ್ತಿದ್ದವರು ಹೆಸರು ಬರೀರಿ” ಎಂದು ಕೆಳಗೆ ತನ್ನ ದನಿಯಲ್ಲೇ ಹೇಳಿ ಕಳುಹಿಸಿದ್ದ.

ಗೊತ್ತಿದ್ದವರು ಯಾರು? ನಾನೊಬ್ಬಳೇ. ಉಳಿದ ಹಿರಿಯರೆಲ್ಲ ಆ ಫೋಟೊದಲ್ಲಿದ್ದಾರೆ, ಫೋನಿನಲ್ಲಿ ಇಲ್ಲ.

ಎರಡು ಮಧ್ಯಾಹ್ನ ಕೂತು ಬರೆದೆ. ಎಲ್ಲರ ತಲೆಯ ಮೇಲೂ ಹಳದಿ ಅಕ್ಷರ. ಬರೀ ಹೆಸರು ಬರೆದರೆ ಈಗಿನ ಮಕ್ಕಳಿಗೆ ಎಂತ ತಿಳಿಯುತ್ತದೆ? ಅದಕ್ಕೆ ಒಂದೆರಡು ಮಾತು ಸೇರಿಸಿದೆ. “ಶೇಖರ. ದೋಸೆ ಹಾಕುವವ. ಈಗ ಇಲ್ಲ.” “ಕಮಲತಾಯಿ. ಚಾಳಿನಲ್ಲಿ ಪಕ್ಕದ ಖೋಲಿ. ನೀರಿಗೆ ಜಗಳ ಮಾಡುತ್ತಿದ್ದಳು, ಹೆರಿಗೆಗೆ ಅವಳೇ ಬಂದದ್ದು.” “ವಾಸಂತಿ. ಆಗ ತೆಳ್ಳಗಿದ್ದಳು.” ಮೆಟ್ಟಿಲ ಕೆಳಗೆ ಮಲಗಿದ್ದ ನಾಯಿಗೂ ಬರೆದೆ: “ರಾಜಾ. ವಾಚ್‌ಮನ್ನಿನದು.” ನನ್ನ ತಲೆಯ ಮೇಲೆ “ನಾನು” ಎಂದು ಬರೆದೆ.

ನಡುವಿನಲ್ಲಿ ಇವರು ನಿಂತಿದ್ದಾರೆ. ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು, ರೈಲಿನ ಪಾಸು, ಯಾವುದೋ ಚೀಟಿ. ಕಿಸೆ ಹೊಟ್ಟೆಗಿಂತ ಮುಂದೆ ಬಂದಿದೆ. ಅವರ ತಲೆಯ ಮೇಲೆ ನಾನು ಏನೂ ಬರೆಯಲಿಲ್ಲ. ಕಳುಹಿಸಿದೆ. ಕುಕ್ಕರ್ ಇಡಲು ಹೋದೆ.

ಮೊದಲು ಬಂದದ್ದು ವಾಸಂತಿಯ ಫೋನು.

“ಚಿಕ್ಕಮ್ಮಾ, ‘ಆಗ ತೆಳ್ಳಗಿದ್ದಳು’ ಅಂತ ಯಾಕೆ ಬರ್ದದ್ದು?”

“ಆಗ ತೆಳ್ಳಗಿದ್ದಿ, ಅದಕ್ಕೆ.”

“ಈಗ ದಪ್ಪ ಅಂತ ಆಯ್ತಲ್ಲ!”

“ಅದನ್ನು ನಾನು ಬರೀಲಿಲ್ಲ. ನೀನೇ ಹೇಳ್ತಾ ಇದ್ದಿ.”

ಅವಳು ಫೋನು ಇಟ್ಟಳು. ಇಟ್ಟವಳು ಪ್ರದೀಪನಿಗೆ ಮಾಡಿದಳು. ಅವನು ಸುಧಾಕರನಿಗೆ ಮಾಡಿದ. “ಮಾಮಿ ನಾಯಿಯ ಹೆಸರು ಸಮೇತ ಬರ್ದಿದ್ದಾರೆ. ಮಾವನ ತಲೆ ಮೇಲೆ ಮಾತ್ರ ಎಂತದೂ ಇಲ್ಲ. ನೀನು ಸ್ವಲ್ಪ ನೋಡು ಮಾರಾಯ.” ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನನ್ನ ವಯಸ್ಸಿನ ಒಬ್ಬ ಹೆಂಗಸು ಆ ಗುಂಪಿನಲ್ಲಿ ಇದ್ದಿದ್ದರೆ ಒಂದು ನೋಟಕ್ಕೆ ಸಂಗತಿ ಅರ್ಥವಾಗುತ್ತಿತ್ತು.

ನಾವು ಗಂಡನ ಹೆಸರು ಹೇಳುವವರಲ್ಲ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳಿದ್ದಳು. ನಿಜವೋ ಸುಳ್ಳೋ, ಹೇಳಿ ನೋಡುವ ಧೈರ್ಯ ಯಾರಿಗೆ? ನಮ್ಮ ಅಪ್ಪನ ಹೆಸರಿನವರೇ ಇನ್ನೊಬ್ಬರು ಹೊಳೆಯ ಆಚೆ ಇದ್ದರು. ಅಮ್ಮ ಸಾಯುವ ತನಕ ಅವರನ್ನೂ ‘ಹೊಳೆಯ ಆಚೆಯವರು’ ಎಂದೇ ಕರೆದಳು. ಅವರು ಮನೆ ಮಾಡಿ ಹೊಳೆಯ ಈಚೆ ಬಂದ ಮೇಲೂ.

ನಾನು ಇವರನ್ನು ಕರೆಯುತ್ತಿದ್ದದ್ದು “ಕೇಂಡರಾ” ಎಂದು. ಕೇಳಿದಿರಾ ಎಂದರ್ಥ. ಒಳಗಿನಿಂದ ‘ಹೂಂ’ ಎನ್ನುತ್ತಿದ್ದರು, ಕೇಳದಿದ್ದರೂ. ಬೇರೆಯವರ ಹತ್ತಿರ ‘ಇವರು’. ಠಾಣೆ ಊರಿನ ರೈಲು ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಅಲ್ಲಿಗೆ ಫೋನು ಮಾಡಿ “ಇವರು ಇದ್ದಾರಾ” ಎಂದರೆ ಹುಡುಗರಿಗೆ ಯಾರೆಂದು ಗೊತ್ತಾಗುತ್ತಿತ್ತು. ಕೈಫೋನು ಬಂದ ಹೊಸತರಲ್ಲಿ ಸುಧಾಕರ ನನ್ನದರಲ್ಲಿ ಎರಡನೇ ನಂಬರನ್ನು ಒತ್ತಿ ಹಿಡಿದರೆ ಅಪ್ಪನಿಗೆ ಹೋಗುವ ಹಾಗೆ ಮಾಡಿಕೊಟ್ಟ. ಬಹಳ ಅನುಕೂಲವಾಯಿತು. ಹೆಸರಿಲ್ಲದೆ ಕರೆಯುವ ಯಂತ್ರ ನಮ್ಮಂಥವರಿಗೇ ಮಾಡಿದ್ದೇನೋ ಎಂದುಕೊಂಡೆ.

ಕಷ್ಟವಾಗುತ್ತಿದ್ದದ್ದು ಭಜನೆಯಲ್ಲಿ. ಇವರದ್ದು ದೇವರ ಹೆಸರು. ನಮ್ಮವರ ಭಜನಾ ಮಂಡಳಿಯಲ್ಲಿ ಆ ನಾಮ ಬಂದಾಗಲೆಲ್ಲ ಬಾಯಿ ಮುಚ್ಚಿ ತಾಳ ಮಾತ್ರ ಹಾಕುತ್ತಿದ್ದೆ. ಪಕ್ಕದವಳು ನನಗೆ ಸಾಲು ಬಾರದೆಂದು ಕಿವಿಯಲ್ಲಿ ಹೇಳಿಕೊಡುತ್ತಿದ್ದಳು. ಅವಳ ಗಂಡನ ಹೆಸರು ಯಾವ ಭಜನೆಯಲ್ಲೂ ಇರಲಿಲ್ಲ, ಜೋರಾಗಿ ಹಾಡುತ್ತಿದ್ದಳು.

ಒಮ್ಮೆ ಮಳೆಗೆ ರೈಲು ನಿಂತು ಕಲ್ಯಾಣ ಸ್ಟೇಷನ್ನಿನಲ್ಲಿ ಜನವೋ ಜನ. ಸೇತುವೆಯ ಮೇಲೆ ಇವರು ಒಂದು ಕಡೆ, ನಾನು ಒಂದು ಕಡೆ ಆದೆವು. ಆಗ ಕೈಫೋನು ಇನ್ನೂ ಬಂದಿರಲಿಲ್ಲ. ಮೈಕಿನಲ್ಲಿ ಕೂಗುವವನ ಕೋಣೆಗೆ ಹೋಗಿ ನಿಂತೆ.

“ಪತಿ ಕಾ ನಾಮ್?” ಎಂದ.

“ಹೋಟೆಲ್‌ವಾಲೆ ಹೈಂ” ಎಂದೆ.

“ಅರೆ ಮಾವ್ಶಿ, ಹೋಟೆಲ್‌ವಾಲೆ ತೋ ಹಜಾರ್ ಹೈಂ!” ಹೋಟೆಲಿನವರು ಸಾವಿರ ಜನ ಇದ್ದಾರೆ.

ಕೊನೆಗೆ ನನ್ನ ಹೆಸರನ್ನೇ ಕೂಗು ಎಂದೆ. ಅವನು ಕೂಗಿದ. ಗುಲಾಬಿ ಇಲ್ಲಿದ್ದಾರೆ, ಅವರ ಯಜಮಾನರು ಎಲ್ಲಿದ್ದರೂ ಬರಬೇಕು ಎಂದು ಇಡೀ ಸ್ಟೇಷನ್ನಿಗೆ ಕೇಳುವ ಹಾಗೆ, ಹಿಂದಿಯಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಗುಲಾಬಿ ಎಂದರೆ ಯಾರೋ ಎಂದು ನೋಡಲು ಕೆಲವು ಗಂಡಸರು ಬಂದರು, ನೋಡಿ ಹೋದರು. ಇವರು ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಬಂದರು.  ಅದಾದ ಮೇಲೆ ಎಷ್ಟೋ ವರ್ಷ, ಹೋಟೆಲಿನಿಂದ ಬಂದು ಚಪ್ಪಲಿ ಬಿಡುವಾಗ ಬಾಗಿಲಲ್ಲಿ ಆ ಮೈಕಿನವನ ಸ್ವರದಲ್ಲಿ “ಗುಲಾಬಿ ಯಹಾಂ ಹೈಂ?” ಎಂದು ಕೇಳುತ್ತಿದ್ದರು. ನಾನು ಒಳಗಿನಿಂದ “ಕಾಲು ತೊಳೆಯಿರಿ” ಎನ್ನುತ್ತಿದ್ದೆ.

ಅವರಿಗೆ ನನ್ನ ಹೆಸರು ಹೇಳಲು ಅಡ್ಡಿ ಇರಲಿಲ್ಲ. ಅಡ್ಡಿ ಎಲ್ಲ ನಮಗೇ.

ಮರಾಠಿಯವರಲ್ಲಿ ಹೀಗಲ್ಲ. ಅವರ ಹೆಂಗಸರು ಮದುವೆಯಲ್ಲಿ ಪ್ರಾಸ ಕಟ್ಟಿ, ಕೊನೆಯಲ್ಲಿ ಗಂಡನ ಹೆಸರು ಸೇರಿಸಿ ಎಲ್ಲರ ಮುಂದೆ ಹೇಳಬೇಕು. ಅದಕ್ಕೆ ‘ಹೆಸರು ತೆಗೆದುಕೊಳ್ಳುವುದು’ ಎನ್ನುತ್ತಾರೆ. ಸುಧಾಕರನ ಮದುವೆಯಲ್ಲಿ ವೈಶಾಲಿ ಬೆಳ್ಳಿಯ ತಟ್ಟೆ, ಪೇಢೆ, ಚಂದ್ರ ಏನೇನೋ ಸೇರಿಸಿ ಚಂದಕ್ಕೆ ಹೇಳಿದಳು. ಆಮೇಲೆ ಅವಳ ಸೋದರತ್ತೆಯಂದಿರು ನನ್ನ ಕಡೆ ತಿರುಗಿದರು. “ವಿಹಿಣ್‌ಬಾಯಿ, ಆತಾ ತುಮ್ಹಿ!” ಬೀಗಿತ್ತಿ, ಈಗ ನೀವು. ಅನ್ನ ನೋಡಿ ಬರುತ್ತೇನೆ ಎಂದು ಎದ್ದು ಹೋದೆ. ಅಡಿಗೆಯವರು ಬೇರೆ ಇದ್ದರು, ನಾನು ನೋಡುವ ಅನ್ನ ಯಾವುದೂ ಇರಲಿಲ್ಲ. ಹುಡುಗನ ತಾಯಿಗೆ ಬಹಳ ಜಂಬ ಎಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಇರಲಿ ಎಂದುಕೊಂಡೆ.

ಇದೆಲ್ಲ ಸುಧಾಕರನಿಗೆ ಗೊತ್ತಿರಬೇಕಿತ್ತು ಎಂದು ನೀವು ಹೇಳಬಹುದು. ಹೇಗೆ ಗೊತ್ತಿರುತ್ತದೆ? ಅಮ್ಮ ಏನು ಹೇಳುತ್ತಾಳೆ ಎಂಬುದನ್ನೇ ಗಂಡುಮಕ್ಕಳು ಸರಿಯಾಗಿ ಕೇಳುವುದಿಲ್ಲ. ಏನು ಹೇಳುವುದಿಲ್ಲ ಎಂಬುದನ್ನು ಎಲ್ಲಿ ಕೇಳುತ್ತಾರೆ.

ಮರೆವು ಎಂದು ಒಮ್ಮೆ ಅಂದುಕೊಂಡರೆ ಸಾಕು, ಹಿಂದಿನದೆಲ್ಲ ಅದರೊಳಗೆ ಬಂದು ಕೂತುಕೊಳ್ಳುತ್ತದೆ. ಒಂದು ಸಲ ರೈಲಿನಲ್ಲಿ ನಿದ್ದೆ ಬಂದು ಡೊಂಬಿವಲಿಯಲ್ಲಿ ಇಳಿಯದೆ ಅಂಬರನಾಥದವರೆಗೆ ಹೋಗಿದ್ದೆ. ಒಂದು ಸಲ ಸಾರಿಗೆ ಉಪ್ಪು ಹಾಕಿರಲಿಲ್ಲ. ಎರಡನ್ನೂ ಈಗ ಹೊಸದಾಗಿ ನೆನಪು ಮಾಡಿಕೊಂಡರು. ಸುಧಾಕರ ನನ್ನನ್ನು ಪರೀಕ್ಷೆ ಮಾಡಲು ಶುರು ಮಾಡಿದ, ಗೊತ್ತಾಗದ ಹಾಗೆ.

“ಅಮ್ಮ, ಬ್ಯಾಂಕಿನಲ್ಲಿ ಅಪ್ಪನ ಪೂರ್ತಿ ಹೆಸರು ಹೇಗೆ ಉಂಟು?”

“ಪಾಸ್‌ಬುಕ್ ಕಪಾಟಿನಲ್ಲಿ ಉಂಟು. ನೋಡು.”

“ನೀನು ಹೇಳು.”

“ನಿನಗೆ ಕಣ್ಣಿಲ್ವಾ?”

ಅವನು ವೈಶಾಲಿಯ ಮುಖ ನೋಡಿದ. ನನಗೆ ಒಲೆಯ ಮೇಲೆ ಹಾಲಿತ್ತು.

ನೇರವಾಗಿ ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಬಿಸಿಲು ಜಾಸ್ತಿ ಅಮ್ಮ, ಇನ್ನು ತನ್ವಿ ವ್ಯಾನಿನಲ್ಲಿ ಹೋಗಲಿ, ನಿನ್ನ ಮೊಣಕಾಲಿಗೂ ಒಳ್ಳೆಯದು ಎಂದರು. ನನ್ನ ಮೊಣಕಾಲು ನನಗಿಂತ ಗಟ್ಟಿ ಇದೆ. ಆದರೆ ಮಗುವಿನ ತಂದೆ ತಾಯಿ ಅವರು. ಸುಮ್ಮನಾದೆ.

ಸುಮ್ಮನಾದದ್ದು ಬಾಯಿ ಮಾತ್ರ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಕಾಲು ತಾನಾಗಿ ಚಪ್ಪಲಿಯ ಹತ್ತಿರ ಹೋಗುತ್ತಿತ್ತು. ಆ ದಾರಿಯಲ್ಲಿ ನಮ್ಮಿಬ್ಬರಿಗೆ ಬಹಳ ಕೆಲಸವಿತ್ತು. ಸೀಬೆಹಣ್ಣಿನವನ ಹತ್ತಿರ ಉಪ್ಪು ಖಾರ ಹಾಕಿಸಿ ಒಂದು ಹಣ್ಣು ಇಬ್ಬರು ತಿನ್ನಬೇಕು. ಅವಳ ಅಮ್ಮನಿಗೆ ಹೇಳಬಾರದು. ಹೊಲಿಗೆಯವನ ಅಂಗಡಿಯ ಬೆಕ್ಕು ಮರಿ ಹಾಕಿದೆಯೋ ನೋಡಬೇಕು. ಮನೆಯಲ್ಲಿ ಮರಾಠಿ ಮಾತ್ರ ಆಡುವ ಹುಡುಗಿ ಆ ದಾರಿಯಲ್ಲಿ ಮಾತ್ರ ನನ್ನ ಭಾಷೆಯ ಒಂದೆರಡು ಮಾತು ಆಡುತ್ತಿದ್ದಳು, ಯಾರೂ ಕೇಳುವವರಿಲ್ಲ ಎಂದು. “ಅಜ್ಜಿ, ಬಡವು” ಎನ್ನುತ್ತಿದ್ದಳು, ಹಸಿವು. ಈಗ ವ್ಯಾನಿನಿಂದ ಇಳಿದು ಸೀದಾ ಬಂದು ಟೀವಿ ಹಾಕುತ್ತಿದ್ದಳು. ನಾನು ತಟ್ಟೆ ಮುಂದಿಟ್ಟರೆ “ಥಾಂಬ್ ನಾ” ಎನ್ನುತ್ತಿದ್ದಳು, ತಡಿ ಎಂದು.

ಹೀಗಿರುವಾಗ ಒಂದು ಗುರುವಾರ ನನ್ನನ್ನು ರೈಲಿನಲ್ಲಿ ಠಾಣೆಗೆ, ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೊಣಕಾಲು ತೋರಿಸಲು ಎಂದರು. ಮೊಣಕಾಲು ತೋರಿಸಲು ಮಗ ರಜೆ ಹಾಕುವುದು, ಸೊಸೆಯೂ ರಜೆ ಹಾಕುವುದು ಎಲ್ಲಾದರೂ ಉಂಟಾ? ಆಗಲೇ ಸ್ವಲ್ಪ ಸಂಶಯ ಬಂತು.

ಡಾಕ್ಟರು ಮಧ್ಯ ವಯಸ್ಸಿನವರು, ನಗುಮುಖ. ಮೊಣಕಾಲಿನ ಕಡೆ ನೋಡಲೇ ಇಲ್ಲ. ಮರಾಠಿಯಲ್ಲಿ ಮಕ್ಕಳಿಗೆ ಕೇಳುವ ಹಾಗೆ ಕೇಳಿದರು.

“ಆಜಿ, ಇವತ್ತು ಯಾವ ವಾರ?”

“ಗುರುವಾರ. ಮನೆಯಲ್ಲಿ ಮೀನಿಲ್ಲ.”

“ನಾವೀಗ ಎಲ್ಲಿದ್ದೇವೆ?”

“ಠಾಣೆ. ಮೂರನೇ ಮಾಳಿಗೆ. ಲಿಫ್ಟು ಕೆಟ್ಟಿದೆ, ನಿಮಗೆ ಗೊತ್ತಿಲ್ಲವಾ?”

ನೂರರಿಂದ ಏಳೇಳು ಕಳೆಯಿರಿ ಎಂದರು. ಕಳೆದೆ. ಹೋಟೆಲಿನವರ ಹೆಂಡತಿಗೆ ಇಷ್ಟೂ ಬಾರದಿದ್ದರೆ ಹೇಗೆ. ಗಡಿಯಾರ ಬರೆಯಿರಿ ಎಂದರು, ಬರೆದೆ, ಮತ್ತು ಅವರ ಗೋಡೆಯ ಗಡಿಯಾರ ಹಿಂದೆ ಇದೆ ಎಂದೂ ಹೇಳಿದೆ. ಡಾಕ್ಟರು ಸುಧಾಕರನ ಕಡೆ ನೋಡಿದರು. ಸುಧಾಕರ ತಲೆ ತಗ್ಗಿಸಿ, “ಅದೊಂದನ್ನು ಕೇಳಿ” ಎಂದು ಮೆಲ್ಲಗೆ ಹೇಳಿದ.

“ಆಜಿ, ತುಮ್ಚ್ಯಾ ಮಿಸ್ಟರಾಂಚಂ ನಾವ್ ಕಾಯ್?”

ನಿಮ್ಮ ಯಜಮಾನರ ಹೆಸರೇನು. ನಾನು ಮೇಜಿನ ಮೇಲಿದ್ದ ಪೆನ್ನು ನೋಡಿದೆ.

“ನೆನಪು ಮಾಡಿಕೊಳ್ಳಿ, ಅವಸರ ಇಲ್ಲ” ಎಂದರು ಡಾಕ್ಟರು, ಬಹಳ ಮೃದುವಾಗಿ.

ಆಗ ನನಗೆ ಎಲ್ಲ ಅರ್ಥವಾಯಿತು. ವ್ಯಾನು, ಸೇಬು, ಪಾಸ್‌ಬುಕ್, ಎಲ್ಲ. ಸಿಟ್ಟು ಬಂತು. ಬೈಯಬೇಕೆಂದು ಸುಧಾಕರನ ಕಡೆ ತಿರುಗಿದೆ. ಅವನು ಗೋಡೆಗೆ ಹಾಕಿದ್ದ ಮಿದುಳಿನ ಚಿತ್ರವನ್ನು ನೋಡುತ್ತಾ ನಿಂತಿದ್ದ. ಬೆನ್ನು ನಮ್ಮ ಕಡೆ. ಹೆಗಲು ಅಲುಗುತ್ತಿತ್ತು. ನಲವತ್ತು ದಾಟಿದ ಗಂಡಸು. ಅಪ್ಪ ಹೋದಾಗಲೂ ನನ್ನ ಮುಂದೆ ಅತ್ತವನಲ್ಲ.

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ನನ್ನ ಮಗ ಅಳು ನಿಲ್ಲಿಸುತ್ತಿದ್ದ, ನನ್ನ ಮೊಮ್ಮಗಳು ನನಗೆ ವಾಪಸು ಸಿಗುತ್ತಿದ್ದಳು. ಬಾಯಿ ತೆರೆದೆ. ನಾಲಿಗೆ ಎದ್ದಿತು, ಮತ್ತೆ ಮಲಗಿತು.

ಹೋದವರ ಆಯುಸ್ಸು ಇನ್ನೇನು ಕಡಿಮೆಯಾಗುತ್ತದೆ? ಇವರು ಹೋಗಿ ಆಗಲೇ ಕೆಲವು ಮಳೆಗಾಲ ಕಳೆದಿದ್ದವು. ನನಗೆ ಅಷ್ಟು ತಿಳಿಯುತ್ತದೆ. ವಿಷಯ ಅದಲ್ಲ. ಅವರ ಹೆಸರನ್ನು ಎಲ್ಲರೂ ಕರೆದರು. ಹೋಟೆಲಿನ ಮಾಲಿಕರು ಕರೆದರು, ಗಿರಾಕಿಗಳು ಕರೆದರು, ಆಸ್ಪತ್ರೆಯಲ್ಲಿ ನರ್ಸು ಕರೆದಳು, ಕೊನೆಗೆ ಸ್ಮಶಾನದ ಗುಮಾಸ್ತನೂ ಜೋರಾಗಿ ಕರೆದ. ಅದು ಎಲ್ಲರಿಗೂ ಸೇರಿದ್ದು. ಕರೆಯದೆ ಇದ್ದವಳು ನಾನೊಬ್ಬಳೇ. ಅವರ ಅಂಗಿ ಕೊಟ್ಟಾಯಿತು, ಚಪ್ಪಲಿ ಕೊಟ್ಟಾಯಿತು, ಮಂಚ ಪ್ರದೀಪ ತೆಗೆದುಕೊಂಡು ಹೋದ. ಈ ಕರೆಯದೆ ಇರುವುದೊಂದು ಮಾತ್ರ ನನ್ನ ಹತ್ತಿರ ಉಳಿದಿತ್ತು. ಅದನ್ನು ಒಬ್ಬ ಡಾಕ್ಟರಿಗೆ ಮೇಜಿನ ಮೇಲೆ ಇಟ್ಟು ಕೊಡುವುದು ಹೇಗೆ?

“ಥಾಂಬಾ, ಡಾಕ್ಟರ್” ಎಂದಳು ವೈಶಾಲಿ.

ಅವಳು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತಳು. ಮದುವೆಯಾದ ಲಾಗಾಯ್ತು ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ ಎಂದು ಕಾಣುತ್ತದೆ. ನಾನೂ ಅವಳದನ್ನು ನೋಡಿರಲಿಲ್ಲ. ಗಲ್ಲದ ಕೆಳಗೆ ಒಂದು ಸಣ್ಣ ಮಚ್ಚೆ ಇದೆ.

“ಆಯಿ, ನಮ್ಮ ಮದುವೆಯ ದಿನ ಹೆಸರು ತೆಗೆದುಕೊಳ್ಳಿ ಅಂದಾಗ ನೀವು ಅನ್ನ ನೋಡಲು ಹೋದಿರಿ.”

“ಹೋದೆ.”

“ಅವತ್ತು ಊಟಕ್ಕೆ ಪೂರಿ ಇತ್ತು. ಅನ್ನ ಆಗಿರಲೇ ಇಲ್ಲ.”

“ಪೂರಿ ಚೆನ್ನಾಗಿತ್ತು” ಎಂದೆ.

“ತುಮ್ಹಿ ಪಪ್ಪಾಂಚಂ ನಾವ್ ಘೇತ್ ನಾಹಿ ನಾ?” ನೀವು ಮಾವನ ಹೆಸರು ಹೇಳುವುದೇ ಇಲ್ಲ, ಅಲ್ಲವಾ?

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ಹೊಸ ಸೊಸೆಯಾಗಿ ಬಂದ ದಿನದಿಂದ ನನ್ನದು ಜಂಬ ಎಂದು ತಿಳಿದುಕೊಂಡಿದ್ದಳಂತೆ, ಅವಳ ಸೋದರತ್ತೆಯಂದಿರ ಹಾಗೆ. ಅಲ್ಲಿಯೇ ಹೇಳಿದಳು, ಡಾಕ್ಟರ ಮುಂದೆಯೇ. ಸ್ವಲ್ಪ ಜಂಬವೂ ಇತ್ತು ಎಂದು ನಾನೂ ಹೇಳಿದೆ. ಇದ್ದದ್ದು ಇದ್ದ ಹಾಗೆ.

ಸುಧಾಕರ ಈ ಕಡೆ ತಿರುಗಿದ. ಮೂಗು ಕೆಂಪಾಗಿತ್ತು.

“ಎಂತ ಅಮ್ಮ ನೀನು! ಹೇಳ್ಬಾರದಿತ್ತಾ?”

“ನೀನು ಕೇಳ್ಬಾರದಿತ್ತಾ?”

ಡಾಕ್ಟರಿಗೆ ತಮ್ಮ ಕೆಲಸ ಪೂರ್ತಿ ಮಾಡಬೇಕಿತ್ತು. ಅವರ ಅಜ್ಜಿಯೂ ಹೀಗೆಯೇ ಇದ್ದರಂತೆ, ಸಾತಾರೆಯ ಕಡೆ. “ಸರಿ ಆಜಿ, ನೀವು ಹೇಳಬೇಡಿ. ನಾನು ಒಂದೊಂದೇ ಹೆಸರು ಹೇಳುತ್ತೇನೆ” ಎಂದು, ಸರಿಯಾದ ಹೆಸರನ್ನು ಸುಧಾಕರನಿಂದ ಕಿವಿಯಲ್ಲಿ ಕೇಳಿಕೊಂಡರು.

“ರಮೇಶ?”

“ಅವನು ನಮ್ಮ ಹಾಲಿನವ.”

“ಸದಾನಂದ?”

“ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ.”

“ಅವಿನಾಶ?”

“ಅದು ಹೊರಗೆ ಬೋರ್ಡಿನಲ್ಲಿ ಉಂಟು. ನಿಮ್ಮದು.”

ವೈಶಾಲಿ ಬಾಯಿಗೆ ಓಢಣಿ ಒತ್ತಿಕೊಂಡಳು. ಆಮೇಲೆ ಡಾಕ್ಟರು ಇವರ ಹೆಸರು ಹೇಳಿದರು.

ನಾನು ಬೇಕೆಂದು ಮಾಡಿದ್ದಲ್ಲ. ಕತ್ತು ತಾನಾಗಿ ಬಗ್ಗಿತು. ಸೆರಗು ತಲೆಯ ಮೇಲೆ ಬಂತು. ಈ ವಯಸ್ಸಿನಲ್ಲಿ ಮುಖ ಬಿಸಿಯಾಯಿತು ಎಂದರೆ ನೀವು ನಗುತ್ತೀರಿ. ನಗಿ. ಅಲ್ಲಿ ಯಾರೂ ನಗಲಿಲ್ಲ.

ಡಾಕ್ಟರು ಫೈಲು ಮುಚ್ಚಿದರು. “ನಿಮ್ಮ ತಾಯಿಗೆ ಏನೂ ಆಗಿಲ್ಲ. ನನಗೆ ಆಗಿರುವಷ್ಟೂ ಆಗಿಲ್ಲ” ಎಂದು ಎದ್ದು ಹೋಗಿ ಗೋಡೆಯ ಗಡಿಯಾರ ಸರಿ ಮಾಡಿದರು.

ವಾಪಸು ಬರುವಾಗ ರೈಲಿನಲ್ಲಿ ಸುಧಾಕರ ನನಗೆ ಕಿಟಕಿಯ ಸೀಟು ಹಿಡಿದುಕೊಟ್ಟ. ರೈಲು ಮುಂಬ್ರಾದ ಗುಡ್ಡ ದಾಟಿತು. ಆಮೇಲೆ ಕೇಳಿದ, “ಅಪ್ಪನಿಗೆ ಬೇಜಾರು ಆಗ್ತಿರ್ಲಿಲ್ವಾ? ಹೆಂಡತಿ ಒಮ್ಮೆಯೂ ಹೆಸರು ಕರೀಲಿಲ್ಲ ಅಂತ?”

“ಅವರಿಗೆ ಬೇಕಾದರೆ ಕೇಳ್ತಿದ್ದರು” ಎಂದೆ. ಆಮೇಲೆ ಯೋಚನೆ ಮಾಡಿದೆ. ಕೇಳುತ್ತಿರಲಿಲ್ಲ. ಅವರೂ ನನ್ನ ಮಗನ ಹಾಗೆಯೇ.

ಅಷ್ಟರಲ್ಲಿ ಸುಧಾಕರ ಗುಂಪಿನಲ್ಲಿ ವಿಷಯ ಹಾಕಿಯಾಗಿತ್ತು. ಪ್ರದೀಪ ಕೈಮುಗಿದ ಚಿತ್ರ ಕಳುಹಿಸಿದ. ಮಾವನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹಾಕಿಬಿಡಲಾ ಎಂದೂ ಕೇಳಿದ. ಬೇಡ ಎಂದೆ. ನಾಯಿಯ ಹೆಸರೂ ಕನ್ನಡದಲ್ಲಿರುವಾಗ ಯಜಮಾನರದ್ದು ಇಂಗ್ಲಿಷಿನಲ್ಲಾ? ಇಂಗ್ಲಿಷು ಕಲಿತ ಇವರಲ್ಲಿ ಒಬ್ಬರಿಗೂ ಕನ್ನಡ ಬರೆಯಲು ಬಾರದು. ಸುಧಾಕರ ಮರಾಠಿ ಶಾಲೆ, ಪ್ರದೀಪ ಓದುತ್ತಾನೆ, ಬರೆಯಲಾರ.

ಮನೆಯಲ್ಲಿ ತನ್ವಿ ಫೋಟೊ ತೆರೆದುಕೊಂಡು ಕೂತಿದ್ದಳು. ಅಜ್ಜ ಹೋದಾಗ ಅವಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಅವರ ಮುಖ ಅವಳಿಗೆ ಗೊತ್ತಿರುವುದು ಗೋಡೆಯ ಮೇಲಿನಿಂದ.

“ಅಜ್ಜಿ, ಸಗಳ್ಯಾಂಚಂ ಆಹೆ. ಅಜ್ಜಾಚಂ ನಾವ್ ಕೋಣ್ ಲಿಹಿಣಾರ್?”

ಎಲ್ಲರದ್ದೂ ಉಂಟು, ಅಜ್ಜನ ಹೆಸರು ಯಾರು ಬರೆಯುವುದು. ಬೇಕಾಗಿಲ್ಲ, ಯಾರು ಎಂದು ಎಲ್ಲರಿಗೂ ಗೊತ್ತು ಎಂದೆ.

“ಮೀ ವಿಸರ್ಲೆ ತರ್?”

ನಾನು ಮರೆತರೆ?

ಮರೆವಿನ ಬಗ್ಗೆ ಅಷ್ಟೆಲ್ಲ ಗಲಾಟೆಯಾಯಿತಲ್ಲ, ಈ ಮಾತನ್ನು ಕೇಳಿದವಳು ಇವಳೊಬ್ಬಳೇ.  ಊಟ ಮಾಡಿ ಮಲಗು ಎಂದೆ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ನಿಂತ ವ್ಯಾನಿನವನಿಗೆ ನಾಳೆಯಿಂದ ಬರಬೇಡ, ಇವತ್ತೂ ಬೇಡ ಎಂದೆ. ತನ್ವಿಯ ಚೀಲ ನನ್ನ ಹೆಗಲಿಗೆ ಹಾಕಿಕೊಂಡೆ. ಬೇಗ ಹೊರಟಿದ್ದೆವು. ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಅರಳಿಮರಕ್ಕೆ ಕಟ್ಟೆ ಇದೆ, ಅದರ ಮೇಲೆ ಅವಳನ್ನು ಕೂರಿಸಿ, ಫೋನು ಕೊಟ್ಟು, ಆ ಫೋಟೊ ತೆರೆಯಲು ಹೇಳಿದೆ. ಅದರಲ್ಲಿ ಬೆರಳಿನಿಂದ ಬರೆಯುವ ಒಂದು ಉಪಾಯವೂ ಇದೆ. ಹಳದಿ ಬಣ್ಣ ಅವಳೇ ಆರಿಸಿದಳು. ಇವರ ತಲೆಯ ಮೇಲಿನ ಜಾಗ ದೊಡ್ಡದು ಮಾಡಿದೆವು. ಅವಳ ತೋರುಬೆರಳು ಹಿಡಿದುಕೊಂಡು ಮೊದಲಿನ ಅಕ್ಷರ ತಿದ್ದಿಸಿದೆ. ಡೊಂಕಾಯಿತು. ಅಳಿಸಿದಳು. ಇನ್ನೊಮ್ಮೆ ತಿದ್ದಿಸಿದೆ, ಹೊಟ್ಟೆ ಉಬ್ಬಿತು. ಅಳಿಸಿದಳು. ಆಮೇಲೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ತಾನೇ ಬರೆದಳು.

“ಬರೋಬರ್, ಅಜ್ಜಿ?”

“ಬರೋಬರ್” ಎಂದೆ. ಎರಡನೆಯದಕ್ಕೆ ಅವಳ ಬೆರಳು ಹಿಡಿದೆ.